ಅಕೌಂಟ್, ಹೆಸರು, ಓಟಿಪಿ: ಜರ್ಮನಿಗೆ ಬಂದವರ ಬ್ಯಾಂಕ್ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ಫ್ರಾಂಕ್‌ಫರ್ಟ್‌ನಲ್ಲಿ ಒಂದು ಬ್ಯಾಂಕಿನ ಪೇಮೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಚಳಿಗಾಲದ ಸೆಮಿಸ್ಟರ್‌ಗೆ ಬಂದ ಮಕ್ಕಳು ಬ್ಯಾಂಕ್ ವಿಷಯದಲ್ಲಿ ತುಂಬಾ ಒದ್ದಾಡುತ್ತಿದ್ದಾರೆ, ಒಂದು ದಿನ ಕೂತು ಉತ್ತರ ಕೊಡಿ ಅಂತ ಈ ಗ್ರೂಪಿನ ಅಡ್ಮಿನ್ ಕೇಳಿದರು. ಕೇಳಿ, ಸಂಕೋಚ ಬೇಡ. ಆದರೆ ಅಕೌಂಟ್ ನಂಬರ್, ಪಾಸ್‌ಪೋರ್ಟ್ ಫೋಟೋ ಯಾರೂ ಇಲ್ಲಿ ಹಾಕಬೇಡಿ.

ಪ್ರಶ್ನೆ (ಡ್ರೆಸ್ಡೆನ್, ಎಂ.ಎಸ್. ವಿದ್ಯಾರ್ಥಿ): ಅಕ್ಕ, ಬಂದು ಮೂರು ವಾರ ಆಯ್ತು. ವೀಸಾಗೆಂದು ಇಟ್ಟ, ತಿಂಗಳಿಗೆ ಇಷ್ಟು ಅಂತ ಮಾತ್ರ ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ದುಡ್ಡಿದೆ, ಕೈಗೆ ಬರುತ್ತಿಲ್ಲ. ಅದಕ್ಕೆ ಇಲ್ಲಿಯ ಕರೆಂಟ್ ಅಕೌಂಟ್ ಬೇಕಂತೆ. ಬ್ಯಾಂಕಿಗೆ ಹೋದರೆ ವಿಳಾಸ ನೋಂದಣಿ ಪತ್ರ ಕೇಳಿದರು. ಇರೋದು ಒಬ್ಬ ಸೀನಿಯರ್ ರೂಮಿನಲ್ಲಿ, ಅಲ್ಲಿ ನೋಂದಣಿ ಮಾಡಿಸಲು ಓನರ್ ಒಪ್ಪುತ್ತಿಲ್ಲ. ಆಪ್ ಬ್ಯಾಂಕಿನಲ್ಲಿ ಅರ್ಜಿ ಹಾಕಿದೆ, ಕಾರ್ಡ್ ಬರಲೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಣ್ಣ ವಿಷಯ ಕೇಳುತ್ತೇನೆ. ಆ ಮನೆಯ ಟಪಾಲು ಡಬ್ಬಿಯ ಮೇಲೆ ನಿಮ್ಮ ಹೆಸರಿದೆಯಾ? ಇಲ್ಲಿ ಪೋಸ್ಟ್‌ನವರು ಡಬ್ಬಿಯ ಮೇಲಿನ ಹೆಸರು ನೋಡಿಯೇ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾರ್ಡ್ ಸದ್ದಿಲ್ಲದೆ ವಾಪಸ್ ಹೋಗುತ್ತದೆ. ಪಿನ್ ನಂಬರ್ ಬೇರೆ ಲಕೋಟೆಯಲ್ಲಿ ಬರುತ್ತದೆ, ಅದೂ ವಾಪಸ್. ಸೀನಿಯರ್‌ಗೆ ಹೇಳಿ, ಅವರ ಹೆಸರಿನ ಕೆಳಗೆ ಒಂದು ಚೀಟಿ ಅಂಟಿಸಿ. ಅರ್ಜಿಯಲ್ಲಿ ಹೆಸರು ಹೇಗೆ ಬರೆದಿದ್ದೀರೋ ಚೀಟಿಯಲ್ಲೂ ಹಾಗೇ ಇರಲಿ. ನಂತರ ಬ್ಯಾಂಕಿಗೆ ಹೇಳಿ ಕಾರ್ಡ್ ಮತ್ತೊಮ್ಮೆ ಕಳಿಸಲು ಕೇಳಿ.

ಇನ್ನು ಆ ಸುತ್ತು. ಮನೆ ಸಿಗದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಅಕೌಂಟ್ ಇಲ್ಲ, ಅಕೌಂಟ್ ಇಲ್ಲದೆ ಮನೆ ಇಲ್ಲ. ಪ್ರತಿ ವರ್ಷ ಇದೇ ಕಥೆ. ಇದನ್ನು ಮುರಿಯೋಕೆ ಒಂದು ಕಾನೂನು ಇದೆ, ನಮ್ಮ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ. ‘ಬಾಸಿಸ್‌ಕೊಂಟೊ’ ಎಂಬ ಮೂಲ ಅಕೌಂಟ್ ಪಡೆಯುವುದು 2016ರಿಂದ ಇಲ್ಲಿ ಹಕ್ಕು. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗೇ ಆದರೂ, ಖಾಯಂ ವಿಳಾಸ ಇಲ್ಲದವರಿಗೂ ಅದು ಸಿಗಬೇಕು. ಅದರ ಅರ್ಜಿ ನಮೂನೆ ಬ್ಯಾಂಕಿನಲ್ಲೇ ಇರುತ್ತದೆ. ಬಾಯಿಮಾತಿನಲ್ಲಿ ಕೇಳಿ ‘ಇಲ್ಲ’ ಅನ್ನಿಸಿಕೊಂಡು ಬರಬೇಡಿ, ನಮೂನೆ ತುಂಬಿ ಕೊಡಿ. ಕೊಟ್ಟ ಮೇಲೆ 10 ಕೆಲಸದ ದಿನಗಳಲ್ಲಿ ಒಪ್ಪಬೇಕು, ಇಲ್ಲವೇ ಕಾರಣವನ್ನು ಬರೆದು ಕೊಡಬೇಕು. ನಿರಾಕರಿಸಿದರೆ ಬ್ಯಾಂಕುಗಳ ಮೇಲ್ವಿಚಾರಣೆ ಮಾಡುವ ಬಾಫಿನ್‌ಗೆ ದೂರು ಕೊಡಬಹುದು. ಮುಖ್ಯ ಷರತ್ತು, ಜರ್ಮನಿಯ ಬೇರೆ ಬ್ಯಾಂಕಿನಲ್ಲಿ ನಡೆಯುತ್ತಿರುವ ಅಕೌಂಟ್ ಇರಬಾರದು. ಹಾಗಾಗಿ ಮೊದಲು ಆಪ್ ಬ್ಯಾಂಕಿನ ಕಾರ್ಡ್ ಬರುತ್ತಾ ನೋಡಿ. ಬಂದರೆ ಇದರ ಅಗತ್ಯವೇ ಬೀಳುವುದಿಲ್ಲ.

ಸೆಪ್ಟೆಂಬರ್ 2024ರಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ ತಿಂಗಳಿಗೆ 992 ಯೂರೋ ಲೆಕ್ಕ. ಆ ದುಡ್ಡು ನಿಮ್ಮದೇ, ಎಲ್ಲೂ ಹೋಗುವುದಿಲ್ಲ. ಅಲ್ಲಿಯವರೆಗೆ ಊಟಕ್ಕೆ ತೊಂದರೆ ಇದ್ದರೆ ನನಗೆ ನೇರವಾಗಿ ಮೆಸೇಜ್ ಮಾಡಿ.

ಪ್ರಶ್ನೆ (ಅದೇ ವಿದ್ಯಾರ್ಥಿ): ಆಪ್ ಬ್ಯಾಂಕಿನ ಐಬ್ಯಾನ್ (ಇಲ್ಲಿಯ ಅಕೌಂಟ್ ನಂಬರ್) ‘ಎಲ್‌ಟಿ’ಯಿಂದ ಶುರು. ಫೋನ್ ಕಂಪನಿಯವರು ಜರ್ಮನ್ ನಂಬರೇ ಬೇಕು ಅಂದರು.

ಉತ್ತರ: ಹಾಗೆ ಕೇಳುವಂತಿಲ್ಲ. ಎಲ್‌ಟಿ ಅಂದರೆ ಲಿಥುವೇನಿಯಾ, ಅದೂ ಯೂರೋ ಪಾವತಿ ವಲಯದ ದೇಶವೇ. ಬೇರೆ ದೇಶದ ಐಬ್ಯಾನ್ ಎಂಬ ಕಾರಣಕ್ಕೆ ಬೇಡ ಅನ್ನುವುದನ್ನು ಯುರೋಪಿನ 260/2012 ನಿಯಮದ 9ನೇ ವಿಧಿ ತಡೆಯುತ್ತದೆ. ಇದನ್ನು ಎರಡು ಸಾಲಿನಲ್ಲಿ ಇಮೇಲ್ ಮಾಡಿ. ಕೌಂಟರ್‌ನಲ್ಲಿ ವಾದ ಮಾಡುವುದಕ್ಕಿಂತ ಬರೆದು ಕಳಿಸಿದರೆ ಕೆಲಸ ಬೇಗ ಆಗುತ್ತದೆ.

ಪ್ರಶ್ನೆ (ಸ್ಟುಟ್‌ಗಾರ್ಟ್, ಸಾಫ್ಟ್‌ವೇರ್ ಕೆಲಸ): ಮೇಡಂ, ಹಳೇ ಮನೆಯ ಓನರ್ ನನ್ನ ಅಡ್ವಾನ್ಸ್ ವಾಪಸ್ ಹಾಕಲು ಹೋದರೆ ‘ಹೆಸರು ಹೊಂದುತ್ತಿಲ್ಲ’ ಅಂತ ಬರುತ್ತಿದೆಯಂತೆ. ಓನರ್ ಹೆದರಿ ನಿಲ್ಲಿಸಿದ್ದಾರೆ. ಮೊದಲು ಹೀಗೆ ಆಗುತ್ತಿರಲಿಲ್ಲ.

ಉತ್ತರ: ಅಕ್ಟೋಬರ್ 9, 2025ರಿಂದ ಯೂರೋ ವಲಯದ ಬ್ಯಾಂಕುಗಳು ಹಣ ಕಳಿಸುವ ಮುಂಚೆ ಐಬ್ಯಾನ್ ಮತ್ತು ಹೆಸರನ್ನು ತಾಳೆ ನೋಡಬೇಕು. ಮೊದಲು ನಂಬರ್ ಸರಿ ಇದ್ದರೆ ಸಾಕಿತ್ತು, ಹೆಸರಿನ ಜಾಗದಲ್ಲಿ ಏನು ಬರೆದರೂ ಹೋಗುತ್ತಿತ್ತು. ಮೋಸ ತಡೆಯೋಕೆ ಒಳ್ಳೆಯ ನಿಯಮ. ಆದರೆ ಪೆಟ್ಟು ಬಿದ್ದಿದ್ದು ನಮ್ಮಂಥವರ ಹೆಸರಿಗೆ.

ನಮ್ಮ ಹೆಸರು ಇಲ್ಲಿಯ ಎರಡು ಖಾನೆಗೆ ಹೊಂದುವುದೇ ಇಲ್ಲ, ಅಲ್ವಾ? ಒಬ್ಬರ ಹೆಸರು ಎಚ್.ಎಸ್. ಮಂಜುನಾಥ ಅಂತ ಇಟ್ಟುಕೊಳ್ಳಿ. ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದಾಗ ಒಬ್ಬರು ಹಾಸನ ಸಿದ್ದಪ್ಪ ಮಂಜುನಾಥ ಅಂತ ಪೂರ್ತಿ ಬರೆಸಿ ಸರ್‌ನೇಮ್ ಖಾಲಿ ಬಿಡುತ್ತಾರೆ. ಇನ್ನೊಬ್ಬರು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡುತ್ತಾರೆ. ಇಲ್ಲಿ ಬಂದ ಮೇಲೆ ಬ್ಯಾಂಕ್ ಒಂದು ತರಹ ಬರೆದುಕೊಳ್ಳುತ್ತದೆ, ಆಫೀಸಿನವರು ಇನ್ನೊಂದು ತರಹ. ಬಾಡಿಗೆ ಕರಾರಿನಲ್ಲಿ ನಾವೇ ಚಿಕ್ಕದಾಗಿ ಬರೆದಿರುತ್ತೇವೆ. ಓನರ್ ಕರಾರು ನೋಡಿ ಟೈಪ್ ಮಾಡುತ್ತಾರೆ, ಪರದೆಯಲ್ಲಿ ಎಚ್ಚರಿಕೆ ಬರುತ್ತದೆ.

ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಮೇಲ್ಗಡೆ ಇರುವ ಹೆಸರನ್ನು ಅಕ್ಷರ ಬಿಡದೆ ಕಾಪಿ ಮಾಡಿ ಓನರ್‌ಗೆ ಕಳಿಸಿ. ಅದನ್ನೇ ಹಾಕಲು ಹೇಳಿ. ಎಚ್ಚರಿಕೆ ಬಂದರೂ ಹಣ ಕಳಿಸುವ ಅವಕಾಶ ಅವರಿಗೆ ಇದೆ, ಆದರೆ ತಪ್ಪು ಜಾಗಕ್ಕೆ ಹೋದರೆ ಹೊಣೆ ಅವರದೇ. ಅದಕ್ಕೇ ಅವರು ಹೆದರಿದ್ದಾರೆ, ಅವರದ್ದೂ ತಪ್ಪಲ್ಲ.

ಇನ್ನೂ ಊರಲ್ಲಿರುವವರಿಗೆ ಕೈಮುಗಿದು ಹೇಳುತ್ತೇನೆ: ವೀಸಾಗೆ ಹಾಕುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಸರಿ ಮಾಡಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಮಾಡಿಸಿದರೆ ರೆಸಿಡೆನ್ಸ್ ಕಾರ್ಡ್, ಬ್ಯಾಂಕ್, ಇನ್ಶೂರೆನ್ಸ್, ತೆರಿಗೆ ಎಲ್ಲಾ ಕಡೆ ಬದಲಾಯಿಸುತ್ತಾ ಓಡಾಡಬೇಕು.

ಪ್ರಶ್ನೆ (ಮ್ಯೂನಿಕ್, ಆಸ್ಪತ್ರೆಯಲ್ಲಿ ನರ್ಸ್): ಮೈಸೂರಿನ ಮನೆ ಸಾಲದ ಕಂತು ನನ್ನ ಅಕೌಂಟ್‌ನಿಂದ ಹೋಗುತ್ತದೆ. ಊರಿನ ಸಿಮ್ ನಿಂತುಹೋಗಿದೆ, ಓಟಿಪಿ ಬರುತ್ತಿಲ್ಲ, ಯುಪಿಐ ಕೂಡ ಇಲ್ಲ. ಬಂದು ಎರಡು ವರ್ಷ ಆದರೂ ಅಕೌಂಟ್ ಮಾಮೂಲಿ ಸೇವಿಂಗ್ಸ್ ಆಗಿಯೇ ಇದೆ. ಇದರಿಂದ ತೊಂದರೆ ಇದೆಯಾ?

ಉತ್ತರ: ಮೊದಲು ಸಿಮ್. ಪ್ರಿಪೇಯ್ಡ್ ಸಿಮ್ 90 ದಿನ ಬಳಸದೇ ಇದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಸ್ವಲ್ಪ ಸಮಯದ ನಂತರ ಅದೇ ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ. ಆಮೇಲೆ ನಿಮ್ಮ ಓಟಿಪಿ ಅವರ ಫೋನಿಗೆ ಬರುತ್ತದೆ. ನನಗೆ ಭಯ ಇರುವುದು ಅಲ್ಲಿ. ಆದ್ದರಿಂದ ಬ್ಯಾಂಕಿಗೆ ಇವತ್ತೇ ಫೋನ್ ಮಾಡಿ ಆ ನಂಬರ್ ತೆಗೆಸಿ.

ಅಕೌಂಟ್ ವಿಷಯ: ಕೆಲಸಕ್ಕೆಂದು ದೇಶ ಬಿಟ್ಟವರು ಫೆಮಾ (ಭಾರತದ ವಿದೇಶಿ ವಿನಿಮಯ) ಕಾಯ್ದೆಯ ಲೆಕ್ಕದಲ್ಲಿ ಅನಿವಾಸಿ. ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಒ (ಅನಿವಾಸಿಗಳ ಮಾಮೂಲಿ ರೂಪಾಯಿ ಅಕೌಂಟ್) ಆಗಿ ಬದಲಾಯಿಸಿಕೊಳ್ಳಲೇಬೇಕು. ಇಲ್ಲಿಂದ ಕಳಿಸುವ ಹಣಕ್ಕೆ ಒಂದು ಎನ್‌ಆರ್‌ಇ ಅಕೌಂಟ್ ಕೂಡ ತೆಗೆಯಿರಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಣವನ್ನು ವಾಪಸ್ ತರಿಸಿಕೊಳ್ಳುವುದೂ ಸುಲಭ. ಎನ್‌ಆರ್‌ಒ ಬಡ್ಡಿಗೆ ಶೇ. 30 ಟಿಡಿಎಸ್ (ಬ್ಯಾಂಕೇ ಮೊದಲು ಹಿಡಿದುಕೊಳ್ಳುವ ತೆರಿಗೆ), ಮೇಲೆ ಸೆಸ್ ಬೇರೆ. ಜರ್ಮನಿಯ ತೆರಿಗೆ ಕಚೇರಿಯಿಂದ ನಿವಾಸಿ ಪ್ರಮಾಣಪತ್ರ ತಂದು, ಬ್ಯಾಂಕ್ ಕೇಳುವ ಫಾರಂ ಜೊತೆ ಕೊಟ್ಟರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಅದು ಶೇ. 10ಕ್ಕೆ ಇಳಿಯುತ್ತದೆ. ಈ ಬದಲಾವಣೆ ಮಾಡಿಸುವಾಗಲೇ ಜರ್ಮನ್ ಮೊಬೈಲ್ ನಂಬರ್ ಸೇರಿಸಲು ಕೇಳಿ.

ಯುಪಿಐ ನೆಚ್ಚಿಕೊಳ್ಳಬೇಡಿ. ವಿದೇಶಿ ನಂಬರ್‌ನಲ್ಲಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಮೊದಲು ಅವಕಾಶ ಸಿಕ್ಕ 10 ದೇಶಗಳಲ್ಲಿ ಜರ್ಮನಿ ಇರಲಿಲ್ಲ. ಕಂತಿಗೆ ಆಟೋ ಡೆಬಿಟ್ ಇರಲಿ, ಎರಡು ತಿಂಗಳ ಕಂತಿನಷ್ಟು ಹಣ ಯಾವಾಗಲೂ ಅಕೌಂಟ್‌ನಲ್ಲಿರಲಿ. ನೈಟ್ ಶಿಫ್ಟ್ ಮುಗಿಸಿ ಬಂದು ಓಟಿಪಿಗೆ ಕಾಯುತ್ತಾ ಕೂರುವ ಕಷ್ಟ ನಿಮಗೆ ಬೇಡ.

ಪ್ರಶ್ನೆ (ಹಾಸನ, ಒಬ್ಬ ತಾಯಿ): ಮಗ ಆಹನ್‌ನಲ್ಲಿ ಓದುತ್ತಿದ್ದಾನೆ. ಊರಿನ ಡೆಬಿಟ್ ಕಾರ್ಡ್ ಅಲ್ಲಿ ನಡೆಯುತ್ತಿಲ್ಲವಂತೆ. ನಾವು ದುಡ್ಡು ಕಳಿಸಿದರೆ ತೆರಿಗೆ ಹಿಡಿಯುತ್ತಾರೆ ಅಂತ ಹೇಳುತ್ತಾರೆ, ನಿಜವಾ ಮೇಡಂ?

ಉತ್ತರ: ಅಮ್ಮಾ, ಕಾರ್ಡ್ ಕೆಟ್ಟಿರಲಿಕ್ಕಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆಪ್‌ನಲ್ಲಿ ಅದನ್ನು ಆನ್ ಮಾಡಿ ಮಿತಿ ಇಡಲು ಮಗನಿಗೆ ಹೇಳಿ. ಕೆಲವು ಜರ್ಮನ್ ಅಂಗಡಿಗಳು ಇಲ್ಲಿಯ ಗಿರೋಕಾರ್ಡ್ (ಜರ್ಮನ್ ಬ್ಯಾಂಕುಗಳ ಡೆಬಿಟ್ ಕಾರ್ಡ್) ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ, ಜೇಬಿನಲ್ಲಿ 20 ಯೂರೋ ನೋಟು ಇಟ್ಟುಕೊಳ್ಳಲಿ.

ತೆರಿಗೆ ವಿಷಯಕ್ಕೆ ಚಿಂತೆ ಬೇಡ. ಏಪ್ರಿಲ್ 2025ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಕಳಿಸಿದರೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಹಿಡಿಯುವುದಿಲ್ಲ. ಬ್ಯಾಂಕಿನ ಎಜುಕೇಶನ್ ಲೋನ್‌ನಿಂದ ಹೋಗುವ ಹಣಕ್ಕೂ ಇಲ್ಲ. ಹಿಡಿದರೂ ಅದು ನಿಮ್ಮ ಪ್ಯಾನ್ ಲೆಕ್ಕದಲ್ಲಿ ಜಮಾ ಇರುತ್ತದೆ, ರಿಟರ್ನ್ಸ್ ಹಾಕಿದಾಗ ಸರಿಹೋಗುತ್ತದೆ. ಬ್ಯಾಂಕಿಗೆ ಹೋಗಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ಕೇಳಿ, ಕಾರಣ ‘ವಿದೇಶದಲ್ಲಿ ಓದು’ ಅಂತ ಬರೆಸಿ.

ಪ್ರಶ್ನೆ (ಮಾಗ್ಡೆಬರ್ಗ್, ವಿದ್ಯಾರ್ಥಿನಿ): ಅಕ್ಕ, ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಲೋನ್ ಕಂತಿಗೆ ರೂಪಾಯಿ ಬೇಕಿತ್ತು. ಪಾರ್ಟ್‌ಟೈಮ್ ದುಡಿದ ಯೂರೋ ಕೈಯಲ್ಲಿತ್ತು. ಒಂದು ಚಾಟ್ ಗ್ರೂಪಿನಲ್ಲಿ ‘ಯೂರೋ ಕೊಡಿ, ರೂಪಾಯಿ ಕೊಡುತ್ತೇನೆ, ಒಳ್ಳೇ ರೇಟ್’ ಅಂತ ಒಬ್ಬರು ಹಾಕಿದ್ದರು. 500 ಯೂರೋ ಕಳಿಸಿದೆ. ಊರಿನ ಅಕೌಂಟ್‌ಗೆ ರೂಪಾಯಿ ಬಂತು, ಮೂರು ಸಲ, ಮೂರು ಬೇರೆ ಬೇರೆ ಹೆಸರಿನಿಂದ. ಎರಡು ವಾರಕ್ಕೆ ಅಕೌಂಟ್ ಫ್ರೀಜ್ ಆಯ್ತು. ಬೇರೆ ರಾಜ್ಯದ ಸೈಬರ್ ಪೊಲೀಸರು ಹೇಳಿದ್ದಾರಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ: ನಾಚಿಕೆ ಪಡಬೇಡಿ ತಂಗಿ. ಇದನ್ನು ಬರೆದಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಇದೇ ಕೆಲಸ ಮಾಡಿ ಸುಮ್ನೆ ಕೂತಿರುವ ಮಕ್ಕಳು ಇನ್ನೂ ಇದ್ದಾರೆ.

ಆ ಮೂರು ಹೆಸರುಗಳನ್ನು ಮತ್ತೊಮ್ಮೆ ನೋಡಿ. ಅವರಲ್ಲಿ ಯಾರೂ ನಿಮ್ಮ ಯೂರೋ ಪಡೆದವರಲ್ಲ. ಇಂಥ ಕೇಸುಗಳಲ್ಲಿ ನಡೆಯುವುದು ಹೀಗೆ: ಎಲ್ಲೋ ಒಬ್ಬರು ಮೋಸದ ಕರೆ ನಂಬಿ ಹಣ ಕಳೆದುಕೊಂಡಿರುತ್ತಾರೆ. ಆ ಹಣವೇ ಕೈಯಿಂದ ಕೈಗೆ ದಾಟಿ ನಿಮ್ಮ ಅಕೌಂಟ್‌ಗೆ ಬರುತ್ತದೆ. ನಿಮ್ಮ ಶುದ್ಧವಾದ ಯೂರೋ ಮೋಸಗಾರನ ಕೈಗೆ ಹೋಗುತ್ತದೆ. ಕಳೆದುಕೊಂಡವರು 1930 ಸೈಬರ್ ಸಹಾಯವಾಣಿಗೆ ದೂರು ಕೊಟ್ಟಾಗ ಹಣ ಹೋದ ದಾರಿಯಲ್ಲಿರುವ ಅಕೌಂಟ್‌ಗಳನ್ನು ತಡೆಹಿಡಿಯುತ್ತಾರೆ. ಆ ದಾರಿಯಲ್ಲಿ ನಿಮ್ಮ ಅಕೌಂಟೂ ಇದೆ. ಒಳ್ಳೇ ರೇಟ್ ಯಾಕೆ ಕೊಟ್ಟರು ಅಂತ ಈಗ ಗೊತ್ತಾಗುತ್ತದೆ.

ಮೊದಲು ಅಪ್ಪನಿಗೆ ಹೇಳಿ. ಇವತ್ತೇ. ಬ್ಯಾಂಕ್ ಶಾಖೆಗೆ ಹೋಗಿ ದೂರಿನ ನಂಬರ್, ಯಾವ ಪೊಲೀಸ್ ಠಾಣೆ, ತಡೆದ ಮೊತ್ತ ಎಷ್ಟು ಅಂತ ಬರೆಸಿಕೊಂಡು ಬರಲು ಅವರೇ ಬೇಕು. ನೀವು ಆ ಚಾಟ್ ಅಳಿಸಬೇಡಿ. ಪೂರ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ, 500 ಯೂರೋ ಹೋದ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ, ಸಂಬಳದ ಚೀಟಿ ಜೊತೆಗಿಡಿ. ನಡೆದದ್ದನ್ನು ನಡೆದ ಹಾಗೆ ಬರೆದು ತನಿಖಾಧಿಕಾರಿಗೆ ಕಳಿಸಬೇಕು. ಯೂರೋ ಬದಲಾಯಿಸಿದ ರೀತಿಯೇ ಫೆಮಾಗೆ ವಿರುದ್ಧ, ಆದ್ದರಿಂದ ಕಳಿಸುವ ಮುನ್ನ ಆ ಪತ್ರವನ್ನು ವಕೀಲರೊಬ್ಬರು ನೋಡಲಿ. ಇಡೀ ಅಕೌಂಟ್ ತಡೆದಿದ್ದರೆ, ಅನುಮಾನದ ಮೊತ್ತ ಮಾತ್ರ ತಡೆದು ಉಳಿದದ್ದು ಬಿಡಿ ಅಂತ ಕೇಳಬಹುದು. ಅದಕ್ಕೂ ಒಪ್ಪದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕುವ ದಾರಿ ಇದೆ. ‘ನಾನು ಬಿಡಿಸಿಕೊಡುತ್ತೇನೆ, ಇಷ್ಟು ಕೊಡಿ’ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಕಂತು ತಪ್ಪದ ಹಾಗೆ ಸದ್ಯಕ್ಕೆ ಅಪ್ಪನ ಅಕೌಂಟ್‌ನಿಂದ ಕಟ್ಟಿಸಿ, ಲೋನ್ ಶಾಖೆಗೂ ತಿಳಿಸಿ.

ಉಳಿದವರಿಗೆ: ಇದು ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ. ‘ನಿಮ್ಮ ಜರ್ಮನ್ ಅಕೌಂಟ್‌ಗೆ ಯೂರೋ ಬರುತ್ತದೆ, ಸ್ವಲ್ಪ ಇಟ್ಟುಕೊಂಡು ಉಳಿದದ್ದು ಕಳಿಸಿ’ ಅಂತ ಕೆಲಸದ ಹೆಸರಿನಲ್ಲಿ ಕೇಳುತ್ತಾರೆ. ಇಲ್ಲಿಯ ಕ್ರಿಮಿನಲ್ ಕಾನೂನಿನ 261ನೇ ಸೆಕ್ಷನ್ ಪ್ರಕಾರ ಅದು ಅಕ್ರಮ ಹಣ ಸಾಗಾಟ. ಗೊತ್ತಿರಲಿಲ್ಲ ಅಂದರೂ, ಕಣ್ಣಿಗೆ ರಾಚುವ ಅನುಮಾನವನ್ನು ಕಡೆಗಣಿಸಿದ್ದರೆ ಶಿಕ್ಷೆ ಇದೆ. ಬ್ಯಾಂಕ್ ಅಕೌಂಟ್ ಮುಚ್ಚುತ್ತದೆ. ವೀಸಾ ವಿಸ್ತರಣೆಗೆ ಹೋದಾಗ ಆ ಕೇಸ್ ಎದುರಿಗೆ ಬಂದು ನಿಲ್ಲುತ್ತದೆ. ಬ್ಯಾಂಕ್ ಮೂಲಕವೋ ಲೈಸೆನ್ಸ್ ಇರುವ ಕಂಪನಿ ಮೂಲಕವೋ ಕಳಿಸಿ. ನಾಲ್ಕೈದು ಯೂರೋ ಜಾಸ್ತಿ ಹೋಗಬಹುದು, ಹೋಗಲಿ.

ಪ್ರತಿಕ್ರಿಯೆ (ಮಾಗ್ಡೆಬರ್ಗ್): ಅಪ್ಪನಿಗೆ ಹೇಳಿದೆ ಅಕ್ಕ. ಬೈಯಲಿಲ್ಲ. ಸೋಮವಾರ ಬ್ಯಾಂಕಿಗೆ ಹೋಗುತ್ತಾರೆ.

ಉತ್ತರ: ಒಳ್ಳೇದು. ನಿಮ್ಮ ಸಹಿ ಇರುವ ಒಂದು ಪತ್ರ ಅವರ ಕೈಯಲ್ಲಿರಲಿ, ಇಲ್ಲದಿದ್ದರೆ ಅಕೌಂಟ್ ನಿಮ್ಮ ಹೆಸರಿನಲ್ಲಿದೆ ಅಂತ ವಾಪಸ್ ಕಳಿಸಬಹುದು. ಪತ್ರದ ನಮೂನೆ ರಾತ್ರಿ ಬರೆದು ಕಳಿಸುತ್ತೇನೆ.

ಪ್ರತಿಕ್ರಿಯೆ (ಡ್ರೆಸ್ಡೆನ್): ಡಬ್ಬಿಯ ಮೇಲೆ ಹೆಸರು ಅಂಟಿಸಿದೆ ಅಕ್ಕ. ಹೊಸ ಕಾರ್ಡ್‌ಗೆ ಕೇಳಿದ್ದೇನೆ, ಒಂದು ವಾರ ಅಂದಿದ್ದಾರೆ.