ಕೋಡ್ ಲೈಬ್ರರಿಯ ‘ಹೆಸರು’, ‘ನೆಲೆ’, ‘ಹುಡುಕುಸಾಲು’: ಈ ಪದಗಳು ಒಪ್ಪುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆಯಲ್ಲಿ ಭಾನುವಾರಗಳಂದು ಕೆಲವು ಮಕ್ಕಳಿಗೆ ಸ್ಕೀಮ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಹೇಳಿಕೊಡುತ್ತಿದ್ದೇನೆ. ಪಾಠಗಳನ್ನು ಕನ್ನಡದಲ್ಲೇ ಬರೆದಿಡುತ್ತೇನೆ. ಈಗ ಲೈಬ್ರರಿಯ, ಅಂದರೆ ಬೇರೆ ಪ್ರೋಗ್ರಾಮ್‌ಗಳೂ ಬಳಸಲೆಂದು ಬರೆದಿಟ್ಟ ಕೋಡಿನ, ಪಾಠಕ್ಕೆ ಬಂದು ಪದಗಳಿಗೆ ತಡಕಾಡುತ್ತಿದ್ದೇನೆ.

‘ಗ್ರಂಥಾಲಯ’ ಅಂದರೆ ಮಕ್ಕಳ ಕಣ್ಣಮುಂದೆ ಪುಸ್ತಕದ ಬೀರು ಬರುತ್ತದೆ. ಹಾಗಾಗಿ ‘ಲೈಬ್ರರಿ’ ಎಂದೇ ಉಳಿಸಿಕೊಂಡೆ. ಲೈಬ್ರರಿಯನ್ನು ಪ್ರೋಗ್ರಾಮಿಗೆ ತಂದುಕೊಳ್ಳುವ ‘ಇಂಪೋರ್ಟ್’ಗೆ ‘ಆಮದು’ ಎಂದು ಬರೆದು ಅಳಿಸಿದೆ. ಇಲ್ಲಿ ಆಮದು ಅಂದರೆ ವಿಯೆಟ್ನಾಂ ಕಾಳುಮೆಣಸು. ಬೆಳೆಗಾರರ ಮನೆಯಲ್ಲಿ ಅದು ಸಂಕಟದ ಮಾತು. ಈಗ ‘ತರಿಸಿಕೋ’ ಎನ್ನುತ್ತೇನೆ, ಸಲೀಸಾಗಿದೆ.

ನಿಜವಾದ ತೊಡಕು ಬೇರೆ. ಸ್ಕೀಮ್‌ನಲ್ಲಿ ಲೈಬ್ರರಿಯ ಹೆಸರು ಕಂಸದೊಳಗಿನ ಒಂದು ಪಟ್ಟಿ. ‘ಸ್ಕೀಮ್ ಬೇಸ್’, ‘ಸರ್ಫಿ 1’, ಹೀಗೆ. ಸ್ಕೀಮ್ ಭಾಷೆಯ ನಿಯಮಗಳನ್ನು ಹೇಳುವ ವರದಿಗಳಲ್ಲಿ, 2007ರ ಆರನೆಯದರಲ್ಲಿ ಬಂದ ಈ ಪದ್ಧತಿಯನ್ನು 2013ರ ಏಳನೆಯದೂ ಇಟ್ಟುಕೊಂಡಿತು. ದೊಡ್ಡದು ಮೊದಲು, ಚಿಕ್ಕದು ಆಮೇಲೆ. ಕೊಡವರ ಹೆಸರಿನ ಹಾಗೇ ಅಲ್ವಾ? ಕೊಡಂದೇರ ಮಾದಪ್ಪ ಕಾರ್ಯಪ್ಪ: ಮೊದಲು ಒಕ್ಕದ (ಮನೆತನದ) ಹೆಸರು, ಆಮೇಲೆ ತಂದೆಯದು, ಕೊನೆಗೆ ಅವರದು. ಹೀಗೆ ಹೇಳಿದ ಕೂಡಲೇ ಮಕ್ಕಳ ಮುಖ ಅರಳಿತು.

ಆದರೆ ಒಕ್ಕದ ಹೆಸರು ಗೊತ್ತಾದ ಮಾತ್ರಕ್ಕೆ ಅದರ ಐನ್‌ಮನೆ (ಮೂಲಮನೆ) ಯಾವ ಊರಲ್ಲಿದೆ ಅಂತ ತಿಳಿಯುವುದಿಲ್ಲ. ಕೇಳಿಕೊಂಡೇ ಹೋಗಬೇಕು. ಲೈಬ್ರರಿಯೂ ಅಷ್ಟೇ. ಅದರ ಫೈಲ್ ಎಲ್ಲಿರಬೇಕು ಎಂದು ಆ ವರದಿಗಳು ಕಟ್ಟುಪಾಡು ಮಾಡಿಲ್ಲ, ಸ್ಕೀಮ್ ಭಾಷೆಯನ್ನು ನಡೆಸುವ ಆಯಾ ತಂತ್ರಾಂಶ ಕಟ್ಟಿದವರಿಗೆ ಬಿಟ್ಟಿವೆ. ಅಂಥ ಹಲವು ತಂತ್ರಾಂಶಗಳು ಹೆಸರಿನ ಮೊದಲ ಪದಗಳನ್ನು ಫೋಲ್ಡರ್ ಎಂದೂ ಕೊನೆಯದನ್ನು ಫೈಲ್ ಎಂದೂ ತಿಳಿದು ಹುಡುಕುತ್ತವೆ. ಅದು ರೂಢಿ ಮಾತ್ರ. ಹ್ಯಾಸ್ಕೆಲ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲೂ ‘ಡೇಟಾ ಮ್ಯಾಪ್’ ಮಾಡ್ಯೂಲ್ ಇರುವುದು ‘ಕಂಟೇನರ್ಸ್’ ಪ್ಯಾಕೇಜಿನಲ್ಲಿ. ಸುಮ್ನೆ ಹೆಸರು ನೋಡಿದರೆ ಅದು ಗೊತ್ತಾಗುವುದಿಲ್ಲ.

ಆದ್ದರಿಂದ ಹೆಸರಿಗೂ ಇರುವ ಜಾಗಕ್ಕೂ ಬೇರೆ ಬೇರೆ ಪದ ಬೇಕೇ ಬೇಕು. ಜಾಗಕ್ಕೆ ‘ವಿಳಾಸ’ ಬೇಡ ಎನಿಸುತ್ತದೆ. ಲಕೋಟೆಯ ಮೇಲೆ ವಿಳಾಸ ಬರೆಯುವಾಗ ಹೆಸರನ್ನೂ ಸೇರಿಸಿಯೇ ಬರೆಯುತ್ತೇವೆ. ‘ನೆಲೆ’ ನನಗೆ ಹಿಡಿಸಿದೆ. ಒಂದಾದ ಮೇಲೊಂದು ಹುಡುಕುವ ಫೋಲ್ಡರ್‌ಗಳಿಗೆ ‘ಹುಡುಕುದಾರಿ’ ಎಂದಿದ್ದೆ. ಆದರೆ ದಾರಿ ಅಂದರೆ ಒಂದೇ ಅನಿಸುತ್ತದೆ, ಇಲ್ಲಿರುವುದು ಜಾಗಗಳ ಸಾಲು. ‘ಹುಡುಕುಸಾಲು’ ಅನ್ನಬಹುದೇ? ‘ಹುಡುಕುವ ಸಾಲು’ ಎಂದು ಬಿಡಿಸಿ ಬರೆಯುವುದೇ ಸರಿಯೇ? ನಿಮ್ಮ ಕಡೆ ಇದಕ್ಕೆ ಆಗಲೇ ಬಳಕೆಯಲ್ಲಿರುವ ಮಾತಿದ್ದರೆ ದಯವಿಟ್ಟು ತಿಳಿಸಿ.