ಬೇವಿನ ಮರ ಕಡಿಸಿ ಎಂಟು ತಿಂಗಳಾಯ್ತು, ಬೊಡ್ಡೆ ಇನ್ನೂ ಚಿಗುರುತ್ತಲೇ ಇದೆ

ಪ್ರಶ್ನೆ: ನಮಸ್ಕಾರ ಸರ್. ಮನೆ ಹಿಂದೆ ದೊಡ್ಡ ಬೇವಿನ ಮರ ಇತ್ತು. ಕಾಂಪೌಂಡ್ ಗೋಡೆಗೆ ತೊಂದರೆ ಆಗುತ್ತೆ ಅಂತ ಕಡಿಸಿದೆವು. ನೆಲಮಟ್ಟಕ್ಕೇ ಕಡಿದು ಹೋದರು. ಈಗ ಬೊಡ್ಡೆ ಸುತ್ತ ಪೊದೆ ಥರ ಚಿಗುರು ಬಂದಿದೆ, ಮುರಿದಷ್ಟೂ ಬರುತ್ತೆ. ಬೊಡ್ಡೆ ಎರಡಡಿ ಅಗಲ ಇರಬಹುದು. ಒಬ್ಬರು ಕಲ್ಲುಪ್ಪು ಸುರಿಯಿರಿ ಅಂತಾರೆ, ಇನ್ನೊಬ್ಬರು ಸೀಮೆಎಣ್ಣೆ ಹಾಕಿ ಸುಡಿ ಅಂತಾರೆ, ಆಸಿಡ್ ಅಂದವರೂ ಇದ್ದಾರೆ. ಅದೇ ಜಾಗದಲ್ಲಿ ತರಕಾರಿ ಮಡಿ ಮಾಡೋ ಆಸೆ ನನಗೆ. ಏನು ಮಾಡಲಿ?

ಉತ್ತರ: ಮೇಡಂ, ಮರ ಕಡಿಯುವುದು, ಬೊಡ್ಡೆ ಕೀಳುವುದು ನನ್ನ ದಿನದ ಕೆಲಸ. ಮೊದಲು ಆ ಮೂರೂ ಸಲಹೆ ಪಕ್ಕಕ್ಕಿಡಿ. ಬೇವಿನ ಬೊಡ್ಡೆ ಸಾಯುವಷ್ಟು ಉಪ್ಪು ಸುರಿದರೆ ನಿಮ್ಮ ತರಕಾರಿ ಮಡಿಯೂ ಅದರ ಜೊತೆಗೇ ಸಾಯುತ್ತೆ. ಸೀಮೆಎಣ್ಣೆ ಹಸಿ ಬೊಡ್ಡೆಯನ್ನು ಮೇಲೆ ಮೇಲೆ ಕಪ್ಪು ಮಾಡುತ್ತೆ ಅಷ್ಟೆ, ಮಣ್ಣು ಮಾತ್ರ ಕೆಡುತ್ತೆ. ಆಸಿಡ್ ಬಗ್ಗೆ ಮಾತೇ ಬೇಡ, ಕಣ್ಣಿಗೆ ಸಿಡಿದರೆ ಗತಿ ಏನು?

ಮರ ಹೋದರೂ ಬೇರು ಹೋಗಿಲ್ಲ, ಇದೇ ನಿಮ್ಮ ತೊಂದರೆಯ ಮೂಲ. ಎಲೆ ಇದ್ದ ಕಾಲದಲ್ಲಿ ಕೂಡಿಟ್ಟ ಪಿಷ್ಟದ ಗಂಟು ಬೇರಿನಲ್ಲಿ ಹಾಗೇ ಇದೆ. ಆ ಗಂಟು ಬಿಚ್ಚಿ ಬಿಚ್ಚಿಯೇ ಬೊಡ್ಡೆ ಚಿಗುರೋದು. ಬೇವು, ನೀಲಗಿರಿ, ಗ್ಲಿರಿಸಿಡಿಯಾ, ತೇಗ ಎಲ್ಲಾ ಹೀಗೆ ಚಿಗುರುವ ಮರಗಳೇ, ಕೊರಡು ಕೊನರದಿದ್ದರೇ ಆಶ್ಚರ್ಯ.

ಚಿಗುರಿನ ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಅಲ್ಲಿ ಜೀವ ಇದೆ. ಕಂದು, ಒಣಗಿ ಪುಡಿ ಪುಡಿಯಾದರೆ ಆ ಪಕ್ಕ ಸತ್ತಿದೆ. ಬೊಡ್ಡೆಯ ಸುತ್ತ ನಾಲ್ಕೈದು ಕಡೆ ಹೀಗೆ ನೋಡಿ ಬರೆಯಿರಿ. ಎರಡಡಿ ಅಗಲದ ಬೊಡ್ಡೆಯಲ್ಲಿ ಬೆಳೆಯುವ ಜೀವ ಇರೋದು ತೊಗಟೆಯ ಕೆಳಗಿನ ತೆಳ್ಳನೆಯ ಒಂದು ಉಂಗುರದಲ್ಲಿ. ನಡುವಿನ ಕೆಂಪು ಗಟ್ಟಿ ತಿರುಳಿನ ಮೇಲೆ ಏನು ಸುರಿದರೂ ದಂಡ. ಜನ ತಪ್ಪುವುದು ಇಲ್ಲೇ, ನಡುವೆ ತೂತು ಕೊರೆದು ಸುರಿಯುತ್ತಾರೆ.

ಪ್ರಶ್ನೆ: ನೋಡಿದೆ ಸರ್. ಐದು ಕಡೆ ಕೆರೆದೆ, ಮೂರು ಕಡೆ ಹಸಿರು, ಗೋಡೆ ಪಕ್ಕದ ಎರಡು ಕಡೆ ಒಣಗಿದೆ. ಔಷಧಿ ಹಚ್ಚಲಾ, ಅಗೆಸಲಾ?

ಉತ್ತರ: ತರಕಾರಿ ಬೆಳೀಬೇಕು ಅಂದಿರಲ್ಲ, ನಾನಾದರೆ ಅಗೆಸುತ್ತೇನೆ. ಗ್ಲೈಫೊಸೇಟ್ ಥರದ ಕಳೆನಾಶಕವನ್ನು ಕಡಿದ ಕೆಲವೇ ನಿಮಿಷದಲ್ಲಿ ಆ ಹೊರಗಿನ ಉಂಗುರಕ್ಕೆ ಬ್ರಷ್‌ನಲ್ಲಿ ಹಚ್ಚಿದರೆ ಕೆಲಸ ಮಾಡುತ್ತೆ. ಎಂಟು ತಿಂಗಳ ಹಳೆಯ, ಒಣಗಿ ಮುಚ್ಚಿಕೊಂಡ ಗಾಯಕ್ಕೆ ಹಚ್ಚಿ ಪ್ರಯೋಜನವಿಲ್ಲ. ಆ ದಾರಿಯೇ ಬೇಕಾದರೆ ಇನ್ನೊಂದೆರಡು ಇಂಚು ಕೆಳಗೆ ಹೊಸದಾಗಿ ಕೊಯ್ಯಬೇಕು. ಕೆಲವು ಕಡೆ ತರಬೇತಿ ಪಡೆದವರು ಮಾತ್ರ ಅದನ್ನು ಬಳಸಬಹುದು ಅನ್ನೋ ನಿಯಮ ಇದೆ, ಅದನ್ನು ಕೇಳಿಕೊಳ್ಳಿ. ಪಕ್ಕದಲ್ಲಿ ಇನ್ನೊಂದು ಬೇವಿದ್ದರೆ ಇನ್ನೂ ಹುಷಾರು. ಒಂದೇ ಜಾತಿಯ ಮರಗಳ ಬೇರು ನೆಲದೊಳಗೆ ಬೆಸೆದುಕೊಂಡಿರಬಹುದು, ಇದಕ್ಕೆ ಹಚ್ಚಿದ್ದು ಅದಕ್ಕೂ ಹೋಗಬಹುದು.

ಈಗ ಅಗೆಯೋದು. ಹಿಂದಿನ ರಾತ್ರಿ ಬೊಡ್ಡೆ ಸುತ್ತ ನೀರು ಬಿಟ್ಟು ಮಣ್ಣು ಮೆತ್ತಗಾಗಲಿ. ಬೊಡ್ಡೆಯಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಒಂದು ಚರಂಡಿ ತೋಡಿಸಿ, ಒಂದೂವರೆ ಅಡಿ ಆಳ. ಬೇರು ಕಾಣಿಸಿದ ಹಾಗೆಲ್ಲ ಪೈಪಿನಿಂದ ನೀರು ಹಾಯಿಸಿ ಮಣ್ಣು ತೊಳೆಯಿರಿ. ಇದು ಅಚ್ಚುಕಟ್ಟಿಗೆ ಹೇಳ್ತಿಲ್ಲ. ಮಣ್ಣು ಮೆತ್ತಿದ ಬೇರಿಗೆ ಗರಗಸ ಹಾಕಿದರೆ ನಾಲ್ಕು ಎಳೆತಕ್ಕೇ ಹಲ್ಲು ಮೊಂಡು. ಚೈನ್ ಗರಗಸ ಅಂತೂ ಮಣ್ಣು ತಾಗಿದ ಕ್ಷಣ ಹೋಯಿತು. ಬೇರಿಗೆ ಹಳೆಯ ಕೊಡಲಿ, ಪಿಕಾಸಿ ಸಾಕು.

ಪ್ರತಿ ಬೇರನ್ನೂ ಎರಡು ಕಡೆ ಕಡಿಯಿರಿ, ಬೊಡ್ಡೆ ಹತ್ತಿರ ಒಮ್ಮೆ, ಚರಂಡಿಯ ಹೊರಗಿನ ಅಂಚಲ್ಲಿ ಒಮ್ಮೆ. ನಡುವಿನ ತುಂಡು ಎತ್ತಿ ಹಾಕಿದರೆ ಹಾರೆ ಆಡಿಸೋಕೆ ಜಾಗ ಸಿಗುತ್ತೆ. ಪಕ್ಕದ ಬೇರು ಮುಗಿದ ಮೇಲೆ ತಾಯಿಬೇರು. ಅದನ್ನು ಪೂರ್ತಿ ತೆಗೆಯೋಕೆ ಹೋಗಬೇಡಿ, ಒಂದೂವರೆ ಅಡಿ ಕೆಳಗೆ ಕಡಿದು ಬಿಟ್ಟುಬಿಡಿ, ತರಕಾರಿಗೆ ಅಷ್ಟು ಮಣ್ಣು ಸಾಕು.

ಗೋಡೆ ಕಡೆ ಹೋದ ಬೇರನ್ನು ಎಳೆಯಲೇ ಬೇಡಿ. ಕಡಿದು ಅಲ್ಲೇ ಬಿಡಿ, ನಿಧಾನಕ್ಕೆ ಕೊಳೆಯಲಿ. ಅಡಿಪಾಯದ ಕೆಳಗಿನ ಬೇರನ್ನು ಒಂದೇ ಸಲ ಹೊರಗೆಳೆದರೆ ಅಲ್ಲಿ ಟೊಳ್ಳಾಗುತ್ತೆ. ಅಗೆಯೋ ಮೊದಲು ನೀರಿನ ಪೈಪು, ಕರೆಂಟು ಕೇಬಲ್ಲು ಎಲ್ಲಿ ಹೋಗಿದೆ ಅಂತ ತಿಳ್ಕೊಳ್ಳಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಬೇರು ಅಂದುಕೊಂಡು ಪೈಪಿಗೆ ಪಿಕಾಸಿ ಹಾಕಿ, ಮನೆಯವರ ಮುಂದೆ ನೆನೆದು ನಿಂತಿದ್ದೆ.

ಮುಂದೆ ಯಾರಾದರೂ ಮರ ಕಡಿಸುವವರಿದ್ದರೆ: ಬೊಡ್ಡೆ ಕೀಳಬೇಕು ಅಂತಿದ್ದರೆ ನೆಲಮಟ್ಟಕ್ಕೆ ಕಡಿಸಬೇಡಿ, ನಾಲ್ಕಡಿ ಮೋಟು ಬಿಡಿಸಿ. ಬೇರು ಬಿಡಿಸಿದ ಮೇಲೆ ಆ ಮೋಟನ್ನೇ ಹಿಡಿದು ಆಡಿಸಿ ಕೀಳಬಹುದು. ಮೇಡಂಗೆ ಆ ಹಿಡಿಕೆ ಇಲ್ಲದಂತೆ ಮಾಡಿ ಹೋಗಿದ್ದಾರೆ.

ಇನ್ನೊಬ್ಬ ಸದಸ್ಯರು: ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಆಗಲ್ವಾ ಸರ್? ನಮ್ಮ ಮಾವ ಹಾಗೇ ಮಾಡಿದ್ರು.

ಉತ್ತರ: ಮಾವನವರು ಅದೃಷ್ಟವಂತರು. ಹಗ್ಗ ಹರಿದರೆ ಚಾಟಿ ಥರ ಹಿಂದಕ್ಕೆ ಬೀಸುತ್ತೆ, ಕಬ್ಬಿಣದ ಸರಪಳಿ ಆದರೆ ಕೇಳೋದೇ ಬೇಡ. ಬೇಡ.

ಇನ್ನೊಬ್ಬ ಸದಸ್ಯರು: ನಮ್ಮದು ತೆಂಗಿನ ಬೊಡ್ಡೆ. ಚಿಗುರಲ್ಲ ಅಂತ ಹಾಗೇ ಬಿಟ್ಟಿದ್ದೀವಿ, ಪರವಾಗಿಲ್ವಾ?

ಉತ್ತರ: ಚಿಗುರಲ್ಲ ನಿಜ. ತೆಂಗಿಗೆ ಇರೋದೊಂದೇ ಸುಳಿ, ಅದು ಹೋದರೆ ಮರ ಹೋದ ಹಾಗೆ. ಆದರೆ ಹತ್ತಿರ ಬೇರೆ ತೆಂಗು ಇದ್ದರೆ ಬಿಡಬೇಡಿ. ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡೋದು ಕೊಳೆತ ತೆಂಗಿನ ಬೊಡ್ಡೆ, ಗೊಬ್ಬರದ ಗುಂಡಿ ಇಂಥಲ್ಲೇ. ಬೊಡ್ಡೆಯ ಮೆತ್ತನೆ ಭಾಗ ಒಡೆದು ನೋಡಿ, ಹೆಬ್ಬೆರಳು ದಪ್ಪದ, ಮುದುರಿಕೊಂಡ ಬಿಳಿ ಹುಳು ಸಿಕ್ಕರೆ ತಡ ಮಾಡಬೇಡಿ. ಕೀಳೋದು ಬೇವಿನಷ್ಟು ಕಷ್ಟ ಇಲ್ಲ, ಬೇರೆಲ್ಲ ಹಗ್ಗದ ದಪ್ಪವೇ.

ಇನ್ನೊಬ್ಬ ಸದಸ್ಯರು: ಅವಸರ ಇಲ್ಲದವರು ಕೊಳೆಸಬಹುದಾ? ಬೊಡ್ಡೆ ಅರೆಯೋ ಯಂತ್ರ ಹೇಗೆ?

ಉತ್ತರ: ಕೊಳೆಸಬಹುದು, ಆದರೆ ವರ್ಷಗಟ್ಟಲೆ ಕಾಯಬೇಕು, ಗಟ್ಟಿ ಮರ ಆದರೆ ಇನ್ನೂ ಹೆಚ್ಚು. ಚಿಗುರು ಬೆರಳುದ್ದ ಆಗುವ ಮೊದಲೇ ಪ್ರತಿ ವಾರ ಮುರಿಯುತ್ತಾ ಹೋದರೆ ಬೇರಿನ ಗಂಟು ಖರ್ಚಾಗಿ ಬೊಡ್ಡೆ ಸೋಲುತ್ತೆ. ಒಂದು ತಿಂಗಳು ಊರಿಗೆ ಹೋಗಿ ಬಂದಿರೋ, ಎಲೆ ಬಿಟ್ಟು ಮತ್ತೆ ಗಂಟು ಕಟ್ಟಿರುತ್ತೆ. ಸತ್ತ ಮೇಲೆ ಮೇಲಿನಿಂದ ಒಂದು ಇಂಚು ಅಗಲದ ತೂತುಗಳನ್ನು ಗೇಣುದ್ದ ಕೊರೆದು, ಮಣ್ಣು, ಒದ್ದೆ ಎಲೆ ಮುಚ್ಚಿ ತೇವ ಆರದಂತೆ ನೋಡಿಕೊಳ್ಳಿ. ಕೊಳೆಸೋದು ಶಿಲೀಂಧ್ರ, ಅದಕ್ಕೆ ತೇವ ಬೇಕೇ ಬೇಕು. ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಹಾಕಿ ಅಂತಾರೆ, ಅದರ ಸಾರಜನಕ ಶಿಲೀಂಧ್ರಕ್ಕೆ ಒಂದಿಷ್ಟು ನೆರವಾಗಬಹುದು, ಪವಾಡ ಏನಿಲ್ಲ. ಅದು ಬೆಂಕಿಯನ್ನು ಭುಗಿಲೆಬ್ಬಿಸುವ ವಸ್ತು, ಹಾಕಿದ ಬೊಡ್ಡೆ ಹತ್ತಿರ ಬೆಂಕಿ ಸುಳಿಯಬಾರದು.

ಯಂತ್ರ ಒಳ್ಳೆಯದೇ, ನೆಲದಿಂದ ಅರ್ಧ ಅಡಿಯಿಂದ ಒಂದಡಿ ಕೆಳಗಿನವರೆಗೆ ಅರೆದು ಪುಡಿ ಮಾಡುತ್ತೆ. ಆ ಪುಡಿಯನ್ನು ಮಣ್ಣಲ್ಲೇ ಬೆರೆಸಿ ಗಿಡ ನೆಡಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕ ಹೀರಿ ಗಿಡ ಹಳದಿಯಾಗುತ್ತೆ. ಬಾಚಿ ತೆಗೆದು ದಾರಿಗೆ ಹಾಸಿ, ಗುಂಡಿಗೆ ಬೇರೆ ಮಣ್ಣು ತುಂಬಿ. ಕುಸಿಯುತ್ತೆ, ಸ್ವಲ್ಪ ದಿಬ್ಬ ಮಾಡಿಯೇ ತುಂಬಿ.

ಪ್ರಶ್ನೆ: ಸರ್, ಎರಡು ದಿನ ಇಬ್ಬರು ಅಗೆದರು. ಸುತ್ತಲಿನ ಬೇರೆಲ್ಲ ಕಡಿದಾಯ್ತು. ಹಾರೆ ಹಾಕಿದರೆ ಒಂದು ಪಕ್ಕ ಅಲ್ಲಾಡುತ್ತೆ, ಗೋಡೆ ಪಕ್ಕ ಜಪ್ಪಯ್ಯ ಅನ್ನಲ್ಲ.

ಉತ್ತರ: ಗೋಡೆ ಪಕ್ಕ ಬೊಡ್ಡೆಯ ಅಡಿಯಲ್ಲಿ ಇನ್ನೊಂದು ಬೇರು ಓರೆಯಾಗಿ ಕೆಳಗೆ ಇಳಿದಿದೆ, ಮೇಲಿನಿಂದ ಕಾಣಲ್ಲ. ಅಲ್ಲಾಡುವ ಪಕ್ಕ ಹಾರೆ ಒತ್ತಿ ಎತ್ತಿ, ಸಂದಿಗೆ ಒಂದು ಕಲ್ಲು ಕೊಟ್ಟು ನಿಲ್ಲಿಸಿ. ಆಮೇಲೆ ಗೋಡೆ ಪಕ್ಕ ಬಗ್ಗಿ ನೋಡಿ, ಎಳೆದು ಬಿಗಿಯಾದ ಬೇರು ಕಾಣುತ್ತೆ. ಕೈ ಒಳಗೆ ಹಾಕಬೇಡಿ. ಉದ್ದ ಹಿಡಿಯ ಕೊಡಲಿಯಲ್ಲಿ ಹೊರಗಿನಿಂದಲೇ ಎರಡು ಏಟು.

ಪ್ರಶ್ನೆ: ಬಂತು ಸರ್!! ಉರುಳಿಸೋಕೆ ನಾಲ್ಕು ಜನ ಬೇಕಾದ್ರು. ಮೂಲೆಯಲ್ಲಿ ಒಂದು ಹೊಸ ಚಿಗುರು ಇಣುಕ್ತಿದೆ, ಬೊಡ್ಡೆಯಿಂದ ಆರಡಿ ದೂರ.

ಉತ್ತರ: ಕಡಿದು ಬಿಟ್ಟ ಬೇರಿಂದ ಬಂದದ್ದು, ಬೇವು ಹಾಗೇ. ತಾಯಿ ಇಲ್ಲ, ಇನ್ನು ಹೆಚ್ಚು ದಿನ ಬರಲ್ಲ. ಕಂಡಾಗಲೆಲ್ಲ ಬುಡಸಮೇತ ಕಿತ್ತುಹಾಕಿ.