‘ಸ್ಟ್ರೆಸ್’ ಎಂಬುದಕ್ಕೆ ‘ಒತ್ತಡ’ವೇ, ‘ತ್ರಾಸ’ವೇ? ಕೋಳಿ ಸಾಕಣೆಯ ಒಂದು ಪದದ ಕುರಿತು

ಬೇಸಿಗೆಯಲ್ಲಿ ಮತ್ತು ಸಾಗಣೆಯ ಹೊತ್ತಿನಲ್ಲಿ ಕೋಳಿಗಳಿಗೆ ವಿಟಮಿನ್ ಕೊಡುವ ಬಗ್ಗೆ ಕಲಬುರಗಿ ಭಾಗದ ಸಾಕಣೆದಾರರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ‘ಹೀಟ್ ಸ್ಟ್ರೆಸ್’, ‘ಟ್ರಾನ್ಸ್‌ಪೋರ್ಟ್ ಸ್ಟ್ರೆಸ್’ ಎಂಬ ಮಾತುಗಳನ್ನು ರೂಢಿಯಂತೆ ‘ಶಾಖದ ಒತ್ತಡ’, ‘ಸಾಗಣೆಯ ಒತ್ತಡ’ ಎಂದು ಬರೆದಿದ್ದೆ. ಸೇಡಂ ರಸ್ತೆಯ ಒಂದು ಶೆಡ್ಡಿನಲ್ಲಿ ಕರಡನ್ನು ಓದಿ ಹೇಳಿದಾಗ, ‘ಸಾಗಣೆಯ ಒತ್ತಡ ತಗ್ಗಿಸಿ’ ಎಂದರೆ ಒಂದೊಂದು ಕ್ರೇಟಿನಲ್ಲಿ ಕಡಿಮೆ ಕೋಳಿ ತುಂಬಬೇಕೆಂದು ಮಾಲೀಕರು ತಿಳಿದರು. ಒತ್ತಿ ತುಂಬುವುದೇ ಒತ್ತಡವೆಂಬ ಅವರ ತಿಳಿವಳಿಕೆ ಕನ್ನಡದ ಮಟ್ಟಿಗೆ ಸರಿಯಾಗಿಯೇ ಇದೆ, ಕಡಿಮೆ ತುಂಬುವುದೂ ಅಗತ್ಯವೇ. ಆದರೆ ಹಿಂದಿನ ದಿನವೇ ನೀರಿಗೆ ವಿಟಮಿನ್ ಏಕೆ ಬೆರೆಸಬೇಕೆಂಬುದು ಆ ಪದದಿಂದ ಅವರಿಗೆ ಹೊಳೆಯಲಿಲ್ಲ.

ಅದೇ ಮಧ್ಯಾಹ್ನ ಅವರ ಹೆಂಡತಿ, ರೆಕ್ಕೆ ಅಗಲಿಸಿ ಕೊಕ್ಕು ತೆರೆದು ತೇಕುತ್ತಿದ್ದ ಕೋಳಿಗಳನ್ನು ತೋರಿಸಿ, “ಝಳಕ್ಕ ಕೋಳಿಗೋಳಿಗಿ ಭಾಳ ತ್ರಾಸ ಆಗ್ಲತ್ತದ ನೋಡ್ರಿ” ಎಂದರು. ನಾನು ಹುಡುಕುತ್ತಿದ್ದ ಪದ ಇದೇ ಇರಬಹುದೆಂದು ಆಗ ಅನ್ನಿಸಿತು.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲವಾದ್ದರಿಂದ, ಸೆಕೆ ಏರಿದಾಗ ಅದು ಮುಖ್ಯವಾಗಿ ತೇಕಿಯೇ ಮೈಯ ಬಿಸಿಯನ್ನು ಹೊರಹಾಕಬೇಕು. ತೇಕು ಹೆಚ್ಚಾದಂತೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ ರಕ್ತ ಕ್ಷಾರೀಯವಾಗುತ್ತದೆ, ಮೊಟ್ಟೆಯ ಓಡು ತೆಳುವಾಗುತ್ತದೆ. ವಿಟಮಿನ್ ಸಿ ಯನ್ನು ಕೋಳಿ ತನ್ನ ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದಾದರೂ, ಇಂತಹ ಹೊತ್ತಿನಲ್ಲಿ ಅದು ಸಾಲದೆ ಬರುವುದರಿಂದ ಹೊರಗಿನಿಂದ ಕೊಡುತ್ತಾರೆ. ಇದೆಲ್ಲ ಮೈಯೊಳಗೆ ನಡೆಯುವ ಸಂಗತಿ. ಹಾರ್ಮೋನುಗಳ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ವಿವರಿಸಿದ್ದೂ, ಬೇರೆಬೇರೆ ಆಘಾತಗಳಿಗೆ ದೇಹ ಒಂದೇ ಬಗೆಯಲ್ಲಿ ಸ್ಪಂದಿಸುವ ಈ ಸ್ಥಿತಿಯನ್ನೇ. ‘ಸ್ಟ್ರೆಸ್’ ಎಂಬ ಹೆಸರು ಅದಕ್ಕೆ ಮುಂದೆ ನಿಂತಿತು. ‘ಒತ್ತಡ’ವೆಂದಾಗ ಹೊರಗಿನ ಬಲ ಮನಸ್ಸಿಗೆ ಬರುತ್ತದೆ, ‘ತ್ರಾಸ’ವೆಂದಾಗ ಅನುಭವಿಸುವ ಜೀವ ಬರುತ್ತದೆ. ‘ಬಳಲಿಕೆ’ಯನ್ನೂ ಯೋಚಿಸಿದೆ, ಅದು ದುಡಿದ ಮೇಲಿನ ದಣಿವನ್ನು ಹೇಳುವುದರಿಂದ, ಕ್ರೇಟಿಗೆ ಹಾಕಲು ಹಿಡಿದೊಡನೆ ಗಾಬರಿಯಾಗುವ ಕೋಳಿಗೆ ಹೊಂದುವುದಿಲ್ಲ.

‘ತ್ರಾಸ’ಕ್ಕೆ ಸಂಸ್ಕೃತದಲ್ಲಿ ಹೆದರಿಕೆ ಎಂಬ ಅರ್ಥವಿದ್ದು, ಮರಾಠಿಯಲ್ಲೂ ನಮ್ಮ ಕಡೆಯ ಕನ್ನಡದಲ್ಲೂ ತೊಂದರೆ, ಕಷ್ಟ ಎಂಬ ಅರ್ಥ ಬೆಳೆದಿದೆ. ಸಾಗಣೆಯ ಸಂದರ್ಭಕ್ಕೆ ಆ ಹಳೆಯ ಅರ್ಥವೂ ಒದಗಿಬರುತ್ತದೆ ಎಂಬುದು ನನಗೆ ಬಹಳ ಹಿಡಿಸಿದೆ. ಆದರೆ ಒಂದು ತೊಡಕಿದೆ: ತಕ್ಕಡಿಗೂ ‘ತ್ರಾಸು’ ಎನ್ನುತ್ತೇವೆ. ದಾರಿಯಲ್ಲಿ ಕೋಳಿಯ ತೂಕ ಇಳಿಯುವ ಮಾತು ಅದೇ ಪುಟದಲ್ಲಿ ಬರುವುದರಿಂದ, ‘ಸಾಗಣೆಯ ತ್ರಾಸ’ವನ್ನು ಯಾರಾದರೂ ತೂಗುವ ತ್ರಾಸೆಂದು ಓದಿಕೊಂಡಾರು.

ಹಾಗೆಯೇ ‘ಬಿಸಿಲಿನ ತ್ರಾಸ’ ಎನ್ನುವಂತಿಲ್ಲ, ಏಕೆಂದರೆ ಶೆಡ್ಡಿನ ಕೋಳಿ ಇರುವುದು ನೆರಳಿನಲ್ಲಿ. ತಗಡಿನ ಚಾವಣಿಯಿಂದ ಇಳಿಯುವ ಕಾವು ಅದನ್ನು ಬಾಧಿಸುತ್ತದೆ. ಆದ್ದರಿಂದ ಸದ್ಯಕ್ಕೆ ‘ಝಳದ ತ್ರಾಸ’ ಎಂದು ತಿದ್ದಿಕೊಂಡಿದ್ದೇನೆ. ‘ವಿಟಮಿನ್’ ಅನ್ನು ‘ಜೀವಸತ್ವ’ ಮಾಡಿಲ್ಲ, ಅಂಗಡಿಯಲ್ಲಿ ಕೇಳುವ ಹೆಸರು ಅದೇ.

ಬೀದರಿನ ಭಾಲ್ಕಿ ಕಡೆಯವರೂ ಯಾದಗಿರಿಯ ಸುರಪುರದ ಕಡೆಯವರೂ ದನಕರು, ಕೋಳಿಗಳ ವಿಷಯದಲ್ಲಿ ‘ತ್ರಾಸ’ವನ್ನು ಹೀಗೆ ಬಳಸುತ್ತಾರೆಯೇ? ಮೈಸೂರು ಕಡೆಯ ಓದುಗರಿಗೆ ಅದು ಬರಿಯ ‘ತೊಂದರೆ’ಯಾಗಿ ಕೇಳಿಸುತ್ತದೆಯೇ, ಅಥವಾ ಮೈಯ ಸಂಕಟವೂ ಅದರಲ್ಲಿ ತೋರುತ್ತದೆಯೇ? ಬಲ್ಲವರು ತಮ್ಮೂರಿನ ಬಳಕೆಯ ಒಂದೆರಡು ವಾಕ್ಯಗಳೊಡನೆ ತಿಳಿಸಬೇಕಾಗಿ ಕೋರುತ್ತೇನೆ.